ಪರ್ಷಿಯನ್ ಬೆಕ್ಕಿನ ಮರಿಗಳು: ಹೆರಿಗೆ ಪೆಟ್ಟಿಗೆಯಿಂದ ಹೊಸ ಮನೆಯವರೆಗೆ

ಬೀದಿ ಬೆಕ್ಕು ಯಾರದೋ ಮನೆಯ ಅಟ್ಟದಲ್ಲಿ ಮರಿ ಹಾಕುತ್ತದೆ, ಏಳು ಮನೆ ತಿರುಗಿಸುತ್ತದೆ, ಒಂದು ದಿನ ಎರಡು ಮರಿಗಳನ್ನು ಹಿಂದಿಟ್ಟುಕೊಂಡು ಹಿತ್ತಿಲಿಗೆ ಬರುತ್ತದೆ. ಪರ್ಷಿಯನ್‌ಗೆ ಮಾತ್ರ ಯಾಕಿಷ್ಟು ಉಪಚಾರ ಎಂದು ಹೊಸದಾಗಿ ಬ್ರೀಡಿಂಗಿಗೆ ಇಳಿದವರು ಕೇಳುತ್ತಾರೆ. ಹಿತ್ತಿಲಿಗೆ ಬಂದ ಎರಡು ಮರಿ ನಮಗೆ ಕಾಣುತ್ತವೆ, ಅಟ್ಟದಲ್ಲೇ ಉಳಿದುಹೋದವು ಕಾಣುವುದಿಲ್ಲ ಎನ್ನುವುದು ಒಂದು ಉತ್ತರ. ಇನ್ನೊಂದು ಉತ್ತರ ಪರ್ಷಿಯನ್ನಿನ ಮುಖದಲ್ಲೇ ಇದೆ. ಮರಿಯ ತಲೆ ದುಂಡಗೆ, ದೊಡ್ಡದು. ಹೆರಿಗೆ ದಾರಿಯಲ್ಲಿ ಸಿಕ್ಕಿಕೊಳ್ಳುವ ಸಂಭವ ಹೆಚ್ಚು. ತಾಯಿಯ ಮೂಗು ಚಪ್ಪಟೆ, ದವಡೆ ಮೋಟು. ಮರಿ ಸುತ್ತಿಕೊಂಡು ಬಂದ ಪೊರೆಯನ್ನು ಹರಿಯಲು, ಹೊಕ್ಕುಳಬಳ್ಳಿ ಕಚ್ಚಲು ಅದಕ್ಕೆ ಸರಿಯಾಗಿ ಆಗುವುದಿಲ್ಲ. ಹೊಟ್ಟೆಯ ಉದ್ದ ಕೂದಲಿನ ನಡುವೆ ಮರಿಗೆ ಮೊಲೆ ಸಿಗುವುದೂ ಕಷ್ಟ. ಇದನ್ನೆಲ್ಲ ಈ ತಳಿಗೆ ಅಂಟಿಸಿದವರು ಮನುಷ್ಯರೇ. ಹಾಗಾಗಿ ಬಾಣಂತನದ ಅರ್ಧ ಕೆಲಸ ಮನುಷ್ಯರ ಪಾಲಿಗೇ ಬರುತ್ತದೆ.

ಈ ಕೆಲಸಕ್ಕೆ ಬೆಕ್ಕಿನ ಮೇಲಿನ ಪ್ರೀತಿಗಿಂತ ಮೊದಲು ಮೂರು ಸಾಮಾನು ಬೇಕು: ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆ ತಕ್ಕಡಿ, ಡಿಜಿಟಲ್ ಥರ್ಮಾಮೀಟರು, ಒಂದು ನೋಟ್‌ಬುಕ್ಕು. ಮೊದಲ ಮೂರು ವಾರ ಮರಿ ಬದುಕುವುದು, ಸಾಯುವುದು ಈ ಮೂರರಲ್ಲಿ ಮುಂಚಿತವಾಗಿ ಕಾಣಿಸುತ್ತದೆ. ಕಣ್ಣಿಗೆ ಕಾಣುವಷ್ಟು ಹೊತ್ತಿಗೆ ಸಾಮಾನ್ಯವಾಗಿ ತಡವಾಗಿರುತ್ತದೆ.

ಕ್ರಾಸ್ ಮಾಡಿಸುವ ಮೊದಲು

ಗಬ್ಬ ಆದ ಮೇಲೆ ಈ ಲೇಖನ ಓದುತ್ತಿದ್ದರೆ ಈ ಭಾಗ ಮುಂದಿನ ಸಲಕ್ಕೆ ಇರಲಿ, ಆದರೆ ಓದಿ. ಹುಟ್ಟಿದ ಮೇಲೆ ಏನು ಮಾಡಿದರೂ ಸರಿಪಡಿಸಲಾಗದ ಎರಡು ಸಂಗತಿಗಳು ಇಲ್ಲಿವೆ.

ಮೊದಲನೆಯದು ಪಿಕೆಡಿ. ಮೂತ್ರಪಿಂಡದಲ್ಲಿ ನೀರುಗುಳ್ಳೆಗಳು ಹುಟ್ಟಿಕೊಂಡು ವರ್ಷಗಳ ಅವಧಿಯಲ್ಲಿ ಮೂತ್ರಪಿಂಡವನ್ನೇ ನುಂಗುವ ಕಾಯಿಲೆ. ಪರ್ಷಿಯನ್ ಮತ್ತು ಅದರಿಂದ ಬಂದ ತಳಿಗಳಲ್ಲಿ ಇದು ವಂಶವಾಹಿಯಾಗಿ ಇಳಿಯುತ್ತದೆ. ಕಾರಣವಾದ ಜೀನ್ ದೋಷವನ್ನು 2004ರಲ್ಲಿ ಗುರುತಿಸಲಾಯಿತು; ಅಲ್ಲಿಂದೀಚೆಗೆ ಒಂದು ಡಿಎನ್‌ಎ ಪರೀಕ್ಷೆ ಸಾಕು. ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದರೂ ಪ್ರತಿ ಮರಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಮರಿ ಮಾರುವಾಗ ಚೆನ್ನಾಗಿಯೇ ಇರುತ್ತದೆ, ಕೊಂಡವರ ಮನೆಯಲ್ಲಿ ನಡುವಯಸ್ಸಿಗೆ ಬರುವಾಗ ಬಾಡತೊಡಗುತ್ತದೆ. ಪರೀಕ್ಷೆ ಮಾಡಿಸದೆ "ಒಳ್ಳೆ ಲೈನ್" ಎಂದು ಮಾರುವವರನ್ನು ನಾನು ಬ್ರೀಡರ್ ಎಂದು ಕರೆಯುವುದಿಲ್ಲ.

ಎರಡನೆಯದು ರಕ್ತದ ಗುಂಪು. ಬೆಕ್ಕಿನಲ್ಲಿ ಎ, ಬಿ ಮತ್ತು ಅಪರೂಪದ ಎಬಿ ಗುಂಪುಗಳಿವೆ. ತಾಯಿ ಬಿ, ಗಂಡು ಎ ಆಗಿದ್ದರೆ ಎ ಗುಂಪಿನ ಮರಿಗಳು ಹುಟ್ಟುತ್ತವೆ. ಬಿ ತಾಯಿಯ ಗಿಣ್ಣು ಹಾಲಿನಲ್ಲಿ ಎ ರಕ್ತಕಣಗಳನ್ನು ಒಡೆಯುವ ಪ್ರತಿಕಾಯಗಳು ತುಂಬಿರುತ್ತವೆ. ಮರಿ ಗಟ್ಟಿಮುಟ್ಟಾಗಿ ಹುಟ್ಟುತ್ತದೆ, ಚೆನ್ನಾಗಿ ಹಾಲು ಕುಡಿಯುತ್ತದೆ, ಕುಡಿದದ್ದೇ ಅದಕ್ಕೆ ವಿಷವಾಗುತ್ತದೆ. ಮೂತ್ರ ಕಂದುಗೆಂಪಾಗುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ ಅಥವಾ ಹಳದಿಯಾಗುತ್ತದೆ, ಕೆಲವು ಬದುಕಿದರೂ ಬಾಲದ ತುದಿ ಕೊಳೆತು ಉದುರುತ್ತದೆ. "ಚೆನ್ನಾಗಿದ್ದ ಮರಿ ರಾತ್ರೋರಾತ್ರಿ ಹೋಯಿತು, ಯಾರದೋ ದೃಷ್ಟಿ ತಾಗಿತು" ಎನ್ನುವ ಕತೆಗಳಲ್ಲಿ ಕೆಲವಾದರೂ ಇದೇ. ಇಬ್ಬರ ರಕ್ತ ಪರೀಕ್ಷೆ ಮಾಡಿಸಿ ಹೊಂದುವ ಜೋಡಿಯನ್ನೇ ಕೂಡಿಸಿದರೆ ಈ ಪ್ರಶ್ನೆಯೇ ಏಳುವುದಿಲ್ಲ. ಈಗಾಗಲೇ ಹೊಂದದ ಜೋಡಿ ಕೂಡಿಬಿಟ್ಟಿದ್ದರೆ, ಹುಟ್ಟಿದ ಕ್ಷಣದಿಂದ ಒಂದು ದಿನ ಪೂರ್ತಿ ಮರಿಗಳನ್ನು ತಾಯಿಯಿಂದ ಬೇರೆ ಇಟ್ಟು ಬೆಕ್ಕಿನ ಮರಿಗಳ ಪುಡಿ ಹಾಲು ಕುಡಿಸಬೇಕು. ಆಮೇಲೆ ಮರಿಯ ಕರುಳು ಪ್ರತಿಕಾಯಗಳನ್ನು ಹೀರುವುದು ನಿಲ್ಲಿಸುತ್ತದೆ, ತಾಯಿಯ ಹತ್ತಿರ ಬಿಡಬಹುದು.

ಇವುಗಳ ಜೊತೆಗೆ ಎಫ್‌ಐವಿ (ಬೆಕ್ಕಿನ ಏಡ್ಸ್ ವೈರಸ್) ಮತ್ತು ರಕ್ತಕ್ಯಾನ್ಸರ್ ವೈರಸ್‌ನ ಪರೀಕ್ಷೆ ಇಬ್ಬರಿಗೂ ಆಗಲಿ. ಲಸಿಕೆ ಬಾಕಿ ಇದ್ದರೆ ಕ್ರಾಸಿಂಗಿಗೆ ಮೊದಲೇ ಹಾಕಿಸಿ. ಗಬ್ಬದಲ್ಲಿ ಜೀವಂತ ವೈರಸ್ಸಿನ ಲಸಿಕೆ ಹಾಕಿಸಿದರೆ ಹೊಟ್ಟೆಯೊಳಗಿನ ಮರಿಗಳ ಮಿದುಳಿಗೆ ಪೆಟ್ಟಾಗಬಹುದು. ಅಂಥ ಮರಿಗಳು ಬದುಕಿದರೂ ತೂರಾಡುತ್ತಲೇ ನಡೆಯುತ್ತವೆ.

ಕೂಡಿದ ಮೊದಲ ದಿನವನ್ನು ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಬರೆಯಿರಿ. ಹೆರಿಗೆ ಅಲ್ಲಿಂದ 63ರಿಂದ 67 ದಿನ. 60 ದಿನಕ್ಕೆ ಮುಂಚೆ ಹುಟ್ಟಿದ ಮರಿ ಉಳಿಯುವುದು ಬಹಳ ಕಷ್ಟ.

ಕೊನೆಯ ಹತ್ತು ದಿನದ ತಯಾರಿ

55ನೇ ದಿನದ ನಂತರ ಒಂದು ಎಕ್ಸ್-ರೇ ತೆಗೆಸಿ. ಮರಿಗಳ ಬೆನ್ನುಮೂಳೆ ಎಣಿಸಬಹುದು. ಒಳಗೆ ನಾಲ್ಕು ಇವೆಯೆಂದು ಗೊತ್ತಿದ್ದರೆ, ಮೂರು ಹುಟ್ಟಿ ತಾಯಿ ಮಲಗಿಬಿಟ್ಟಾಗ ನೀವು ಮಲಗುವುದಿಲ್ಲ. ಅದೇ ಭೇಟಿಯಲ್ಲಿ ಡಾಕ್ಟರನ್ನು ಕೇಳಿಕೊಳ್ಳಿ: ರಾತ್ರಿ ಎರಡು ಗಂಟೆಗೆ ಸಿಸೇರಿಯನ್ ಬೇಕಾದರೆ ಎಲ್ಲಿಗೆ ಹೋಗಬೇಕು? ಬೆಂಗಳೂರಿನಲ್ಲಿ ಇಪ್ಪತ್ನಾಲ್ಕು ಗಂಟೆಯ ಖಾಸಗಿ ಕ್ಲಿನಿಕ್ಕುಗಳಿವೆ. ಬೇರೆ ಊರುಗಳಲ್ಲಿ ಹತ್ತಿರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಸಮಯ ವಿಚಾರಿಸಿಟ್ಟುಕೊಳ್ಳಿ. ಬೆಂಗಳೂರಿನ ಹೆಬ್ಬಾಳವಲ್ಲದೆ ಹಾಸನ, ಶಿವಮೊಗ್ಗ, ಬೀದರ್‌ಗಳಲ್ಲಿ ಇಂಥ ಕಾಲೇಜುಗಳಿವೆ. ಊರಿನ ಸರ್ಕಾರಿ ಪಶು ಆಸ್ಪತ್ರೆಯ ವೈದ್ಯರು ಹಸು ಎಮ್ಮೆಯಲ್ಲಿ ಎಷ್ಟೇ ಪಳಗಿದ್ದರೂ ಬೆಕ್ಕಿಗೆ ಅರಿವಳಿಕೆ ಕೊಡುವ ಸಲಕರಣೆ ಅಲ್ಲಿ ಇರಬೇಕೆಂದೇನಿಲ್ಲ. ಹೆರಿಗೆ ನೋವು ಶುರುವಾದ ಮೇಲೆ ಇದನ್ನು ವಿಚಾರಿಸುವುದಲ್ಲ.

ಪೆಟ್ಟಿಗೆಗೆ ದುಬಾರಿ ಸಾಮಾನು ಬೇಡ. ತಾಯಿ ಕೈಕಾಲು ಚಾಚಿ ಮಲಗುವಷ್ಟು ದೊಡ್ಡ ರಟ್ಟಿನ ಪೆಟ್ಟಿಗೆ ಅಥವಾ ಪ್ಲಾಸ್ಟಿಕ್ ಕ್ರೇಟು, ಮುಂದೆ ಒಂದು ಗೇಣು ಎತ್ತರದ ಹೊಸ್ತಿಲು, ಕೆಳಗೆ ಹಳೆಯ ದಿನಪತ್ರಿಕೆ, ಮೇಲೆ ಒಗೆದ ಹತ್ತಿ ಬಟ್ಟೆ. ದಾರ ಬಿಡುವ ಟವೆಲ್ ಹಾಸಬೇಡಿ, ಮರಿಯ ಉಗುರು, ಕಾಲು ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಮನೆಯಲ್ಲಿ ಜನ ಕಡಿಮೆ ಓಡಾಡುವ, ಗಾಳಿ ನೇರ ಹೊಡೆಯದ, ಟಿವಿ ಸದ್ದು ಬಾರದ ಮೂಲೆ ಹುಡುಕಿ ತಾಯಿಗೆ ಮೊದಲೇ ಅಭ್ಯಾಸ ಮಾಡಿಸಿ. ಆದರೂ ಅದು ನಿಮ್ಮ ಬಟ್ಟೆಯ ಕಪಾಟನ್ನೇ ಆರಿಸಿಕೊಂಡರೆ ಜಗಳ ಆಡಬೇಡಿ, ಪೆಟ್ಟಿಗೆಯನ್ನು ಕಪಾಟಿನೊಳಗೆ ಇಡಿ.

ನಮ್ಮ ಮನೆಗಳಲ್ಲಿ ಮರಿಗಳ ದೊಡ್ಡ ಶತ್ರು ಇರುವೆ. ಹೆರಿಗೆಯ ರಕ್ತ, ಚೆಲ್ಲಿದ ಹಾಲು, ಒಂದು ರಾತ್ರಿ ಸಾಕು. ಪೆಟ್ಟಿಗೆಯನ್ನು ಗಟ್ಟಿ ಸ್ಟೂಲಿನ ಮೇಲಿಟ್ಟು, ಸ್ಟೂಲಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ. ಅಜ್ಜಿಯರ ಕಾಲದ ಈ ಉಪಾಯಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಇರುವೆ ಚಾಕ್ ಎಳೆಯಬೇಡಿ. ಅದರಲ್ಲಿರುವ ಪೈರೆಥ್ರಾಯ್ಡ್ ಕೀಟನಾಶಕ ಬೆಕ್ಕಿನ ದೇಹಕ್ಕೆ ಒಗ್ಗದು. ಹಾಗೆಯೇ ಫಿನಾಯಿಲ್, ಡೆಟಾಲ್ ಎರಡೂ ಆ ಕೋಣೆಗೆ ಬರಬಾರದು. ಫೀನಾಲ್ ಜಾತಿಯ ರಾಸಾಯನಿಕವನ್ನು ಬೆಕ್ಕಿನ ಪಿತ್ತಜನಕಾಂಗ ಹೊರಹಾಕಲಾರದು. ನೆಲಕ್ಕೆ ಬ್ಲೀಚ್ ಸಾಕು, ಒಂದು ಪಾಲಿಗೆ ಮೂವತ್ತೆರಡು ಪಾಲು ನೀರು. ಒರೆಸಿ, ಹತ್ತು ನಿಮಿಷ ಬಿಟ್ಟು, ತೊಳೆದು ಒಣಗಿಸಿ.

ಹೆರಿಗೆಗೆ ಒಂದು ವಾರ ಮುಂಚೆ ತಾಯಿಯ ಮೊಲೆಗಳ ಸುತ್ತ, ಬಾಲದ ಕೆಳಗೆ ಕೂದಲು ಕತ್ತರಿಸಿ. ನೋಡಲು ಚೆಂದ ಕೆಡುತ್ತದೆ, ಮತ್ತೆ ಬೆಳೆಯುತ್ತದೆ. ಉದ್ದ ಕೂದಲು ಹುರಿಯಂತೆ ಸುತ್ತಿ ಮರಿಯ ಕಾಲಿಗೋ ಕುತ್ತಿಗೆಗೋ ಬಿಗಿದುಕೊಳ್ಳುವುದಿದೆ.

ತಾಯಿಗೆ ಗಬ್ಬದ ನಡುವಿನಿಂದಲೇ ಮರಿಗಳಿಗೆಂದು ಮಾಡಿದ ಆಹಾರ ಕೊಡಿ. ಹಾಲೂಡುವಾಗ ಅದರ ಹಸಿವು ಎರಡು ಮೂರು ಪಟ್ಟಾಗುತ್ತದೆ, ಬಟ್ಟಲು ಯಾವಾಗಲೂ ತುಂಬಿರಲಿ. "ಎಲುಬು ಗಟ್ಟಿಯಾಗಲಿ" ಎಂದು ಹೆರಿಗೆಗೆ ಮುಂಚೆ ಕ್ಯಾಲ್ಸಿಯಂ ಸಿರಪ್ ಕುಡಿಸುವ ಪದ್ಧತಿ ನಮ್ಮಲ್ಲಿದೆ. ಅದು ತಿರುಗುಬಾಣವಾಗುತ್ತದೆ: ಮೂಳೆಯಿಂದ ಕ್ಯಾಲ್ಸಿಯಂ ಎಳೆದುಕೊಳ್ಳುವ ದೇಹದ ಅಭ್ಯಾಸ ತಪ್ಪಿ, ಹಾಲು ಜೋರಾದಾಗ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು ಅದುರುವಾಯು ಬರಬಹುದು. ಡಾಕ್ಟರು ಹೇಳಿದರೆ ಮಾತ್ರ.

ಹೆರಿಗೆ

ಹಿಂದಿನ ದಿನ ತಾಯಿಯ ಮೈಬಿಸಿ ಒಂದು ಡಿಗ್ರಿಯಷ್ಟು ಇಳಿಯುವುದುಂಟು. ಊಟ ಬಿಡುತ್ತದೆ, ಬಟ್ಟೆ ಕೆದರುತ್ತದೆ, ಏದುಸಿರು ಬಿಡುತ್ತದೆ, ನಿಮ್ಮ ಹಿಂದೆಯೇ ಸುತ್ತುತ್ತದೆ. ಈ ಹಂತ ಅರ್ಧ ದಿನ, ಮೊದಲ ಹೆರಿಗೆಯಲ್ಲಿ ಒಂದು ದಿನವೂ ಹಿಡಿಯಬಹುದು. ಆಮೇಲೆ ಜೋರು ಮುಕ್ಕು. ಇಲ್ಲಿಂದ ಗಡಿಯಾರ ನೋಡಿ.

ಜೋರಾಗಿ ಮುಕ್ಕಲು ಶುರುಮಾಡಿ ಇಪ್ಪತ್ತರಿಂದ ಮೂವತ್ತು ನಿಮಿಷದಲ್ಲಿ ಮರಿ ಬರದಿದ್ದರೆ, ಅರ್ಧ ಹೊರಬಂದ ಮರಿ ಹತ್ತು ನಿಮಿಷ ಸಿಕ್ಕಿಕೊಂಡರೆ, ನಾರುವ ಸ್ರಾವ ಬಂದರೆ, ತಾಜಾ ರಕ್ತ ಸುರಿಯುತ್ತಲೇ ಇದ್ದರೆ ಕ್ಯಾರಿಯರ್‌ಗೆ ಹಾಕಿ ಹೊರಡಿ. ಸಿಕ್ಕಿಕೊಂಡ ಮರಿಯನ್ನು ಕಾಲು ಹಿಡಿದು ಎಳೆಯಬೇಡಿ. ಆಕ್ಸಿಟೋಸಿನ್ ಚುಚ್ಚುಮದ್ದನ್ನು ಮೆಡಿಕಲ್ ಶಾಪಿನಿಂದ ತಂದು ತಾವೇ ಹಾಕುವವರಿದ್ದಾರೆ. ಮರಿ ಅಡ್ಡ ಸಿಕ್ಕಿಕೊಂಡಿರುವಾಗ ಅದನ್ನು ಹಾಕಿದರೆ ಗರ್ಭಕೋಶವೇ ಒಡೆಯಬಹುದು.

ಎರಡು ಮರಿಗಳ ನಡುವೆ ಹತ್ತು ನಿಮಿಷವೂ ಆಗಬಹುದು, ಒಂದು ಗಂಟೆಯೂ ಆಗಬಹುದು. ಕೆಲವು ತಾಯಂದಿರು ಅರ್ಧ ಮರಿ ಹಾಕಿ, ಹಾಲೂಡಿಸಿ, ತಾವೂ ತಿಂದು, ಗಂಟೆಗಟ್ಟಲೆ ವಿಶ್ರಾಂತಿ ಪಡೆದು ಮುಂದುವರಿಸುತ್ತವೆ. ತಾಯಿ ನಿರಾಳವಾಗಿದ್ದರೆ ನೀವೂ ನಿರಾಳ. ಸೋತು ಮಂಕಾಗಿದ್ದರೆ ಅದು ವಿಶ್ರಾಂತಿಯಲ್ಲ.

ಮರಿ ಹೊರಬಂದ ಕೂಡಲೇ ತಾಯಿ ಪೊರೆ ಹರಿದು ನೆಕ್ಕಿದರೆ ಸುಮ್ಮನಿರಿ. ಅರ್ಧ ನಿಮಿಷದಲ್ಲಿ ಮಾಡದಿದ್ದರೆ, ಪರ್ಷಿಯನ್‌ಗಳಲ್ಲಿ ಹಲವು ಮಾಡುವುದಿಲ್ಲ, ನೀವೇ ಮಾಡಿ. ಮೊದಲು ಮೂಗು ಬಾಯಿಯ ಮೇಲಿನ ಪೊರೆ ಹರಿಯಿರಿ. ತಲೆಯನ್ನು ಸ್ವಲ್ಪ ತಗ್ಗಿಸಿ ಹಿಡಿದು, ಮಗುವಿನ ಮೂಗಿಗೆ ಬಳಸುವ ರಬ್ಬರ್ ಬಲ್ಬಿನಿಂದ ಮೊದಲು ಬಾಯಿ, ಆಮೇಲೆ ಮೂಗಿನ ನೀರು ಎಳೆಯಿರಿ. ಒಣ ಟವೆಲಿನಲ್ಲಿ ಬೆನ್ನು, ಪಕ್ಕೆ ಚೆನ್ನಾಗಿ ಉಜ್ಜಿ. ಚೀರಿದರೆ ಗೆದ್ದಂತೆ. ಮರಿಯನ್ನು ಕೈಯಲ್ಲಿ ಹಿಡಿದು ಜೋರಾಗಿ ಬೀಸುವ ಹಳೆಯ ವಿಧಾನ ಈಗಲೂ ವಿಡಿಯೋಗಳಲ್ಲಿ ಕಾಣುತ್ತದೆ; ಅದರಿಂದ ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು, ಮಾಡಬೇಡಿ.

ಹೊಕ್ಕುಳಬಳ್ಳಿಯನ್ನು ಹೊಟ್ಟೆಯಿಂದ ಎರಡು ಮೂರು ಸೆಂಟಿಮೀಟರ್ ಬಿಟ್ಟು ಕುದಿಸಿದ ದಾರದಿಂದ ಬಿಗಿದು, ಗಂಟಿನ ಆಚೆ ಕತ್ತರಿಸಿ. ತುದಿಗೆ ಪೊವಿಡೋನ್ ಅಯೋಡಿನ್ ಹಚ್ಚಿ. ಅರಿಶಿನ ಬೇಡ, ಬೂದಿ ಬೇಡ. ಮೂರರಿಂದ ಐದು ದಿನದಲ್ಲಿ ಒಣಗಿ ತಾನೇ ಬೀಳುತ್ತದೆ. ಒಂದು ಮರಿಗೆ ಒಂದರಂತೆ ಮಾಸು ಬಿದ್ದಿದೆಯೇ ಎಂದು ಎಣಿಸಿ ಬರೆದುಕೊಳ್ಳಿ. ತಾಯಿ ಒಂದೆರಡು ತಿನ್ನುತ್ತದೆ, ತಿನ್ನಲಿ.

ಮೊದಲ ದಿನ: ಗಿಣ್ಣು ಹಾಲು

ಮರಿ ಹುಟ್ಟುವಾಗ ಅದರ ರಕ್ತದಲ್ಲಿ ರೋಗ ತಡೆಯುವ ಪ್ರತಿಕಾಯಗಳು ಇಲ್ಲವೆನ್ನುವಷ್ಟು ಕಡಿಮೆ. ಅವು ಬರುವುದು ಗಿಣ್ಣು ಹಾಲಿನಿಂದ. ಕರುಳು ಅವನ್ನು ಹೀರುವುದು ಹೆಚ್ಚೆಂದರೆ ಹುಟ್ಟಿದ ಹದಿನಾರರಿಂದ ಇಪ್ಪತ್ನಾಲ್ಕು ಗಂಟೆಯ ಒಳಗೆ. ಪ್ರತಿಯೊಂದು ಮರಿಯೂ ಮೊದಲ ಎರಡು ಗಂಟೆಯಲ್ಲಿ ಮೊಲೆ ಹಿಡಿಯುವಂತೆ ನೋಡಿಕೊಳ್ಳಿ. ಸಣ್ಣದನ್ನು ಹಿಂದಿನ ಮೊಲೆಗೆ ಹಚ್ಚಿ, ಅಲ್ಲಿ ಸಾಮಾನ್ಯವಾಗಿ ಹಾಲು ಜಾಸ್ತಿ. ಗಿಣ್ಣು ತಪ್ಪಿಹೋದ ಮರಿಗೆ ಲಸಿಕೆಯಾದ ಆರೋಗ್ಯವಂತ ಬೆಕ್ಕಿನ ರಕ್ತದ ಸೀರಮ್ಮನ್ನು ಡಾಕ್ಟರು ಚರ್ಮದಡಿ ಕೊಡಬಲ್ಲರು. ಇದನ್ನು ಕೇಳಿ ತಿಳಿದುಕೊಂಡಿರಿ.

ಅಷ್ಟರಲ್ಲಿ ಒಂದೊಂದನ್ನೇ ಕೈಗೆತ್ತಿಕೊಂಡು ಪರೀಕ್ಷಿಸಿ. ಬಾಯಿ ತೆರೆದು ಅಂಗುಳ ಸೀಳಿದೆಯೇ ನೋಡಿ. ಸೀಳಿದ್ದರೆ ಕುಡಿದ ಹಾಲು ಮೂಗಿನಿಂದ ಬರುತ್ತದೆ. ಗುದದ್ವಾರ ಇದೆಯೇ ನೋಡಿ. ಎದೆ ಚಪ್ಪಟೆಯಾಗಿದೆಯೇ ಬೆರಳಿನಿಂದ ಸವರಿ. ಒಂದೇ ಬಣ್ಣದ ಮರಿಗಳಿದ್ದರೆ ಗುರುತಿಗೆ ಕುತ್ತಿಗೆಗೆ ದಾರ ಕಟ್ಟಬೇಡಿ. ಒಂದಕ್ಕೆ ಭುಜದ ಮೇಲೆ, ಇನ್ನೊಂದಕ್ಕೆ ಬೆನ್ನ ಮೇಲೆ, ಮತ್ತೊಂದಕ್ಕೆ ಬಾಲದ ಬುಡದಲ್ಲಿ ಒಂದಿಷ್ಟು ಕೂದಲು ಕತ್ತರಿಸಿದರೆ ಆಯಿತು.

ಬಾಣಂತಿ ನೋಡಲು ಬರುವ ಅಕ್ಕಪಕ್ಕದವರನ್ನು ಮೂರು ವಾರ ಹೊರಗೇ ಇಡಿ. ಹೆದರಿದ ತಾಯಿ ಮರಿಗಳನ್ನು ಕಚ್ಚಿಕೊಂಡು ಓಡಾಡುತ್ತದೆ, ಕೆಲವೊಮ್ಮೆ ಹಾಲೂಡುವುದನ್ನೇ ಬಿಡುತ್ತದೆ. ಬಾಣಂತಿ ಕೋಣೆಗೆ ಸಾಂಬ್ರಾಣಿ ಹೊಗೆ ಹಾಕುವ ಹಿರಿಯರಿದ್ದರೆ ಅವರಿಗೂ ಬೇಡವೆಂದು ವಿನಯದಿಂದ ಹೇಳಿ.

ಬಿಸಿ ಮೊದಲು, ಹಾಲು ಆಮೇಲೆ

ಈ ಲೇಖನದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಹುಟ್ಟಿದ ಮರಿಗೆ ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳಲು ಬರುವುದಿಲ್ಲ. ಮೊದಲ ವಾರ ಅದಕ್ಕೆ ನಡುಗುವುದೂ ಗೊತ್ತಿಲ್ಲ. ಆರೋಗ್ಯವಂತ ನವಜಾತ ಮರಿಯ ಮೈಬಿಸಿ 36 ಡಿಗ್ರಿ ಸೆಲ್ಸಿಯಸ್ ಆಸುಪಾಸು; ದೊಡ್ಡ ಬೆಕ್ಕಿನ 38ರ ಮಟ್ಟಕ್ಕೆ ಬರಲು ಮೂರು ನಾಲ್ಕು ವಾರ ಬೇಕು. 35ಕ್ಕಿಂತ ಕೆಳಗಿಳಿದರೆ ಕರುಳು ಕೆಲಸ ನಿಲ್ಲಿಸುತ್ತದೆ, ಚೀಪುವ ಶಕ್ತಿ ಹೋಗುತ್ತದೆ. ಆಗ ಹಾಲು ಕುಡಿಸಿದರೆ ಅದು ಹೊಟ್ಟೆಯಲ್ಲಿ ಹುಳಿಯುತ್ತದೆ ಅಥವಾ ಶ್ವಾಸಕೋಶ ಸೇರುತ್ತದೆ. ತಣ್ಣಗಾದ ಮರಿ ಕಂಡ ತಕ್ಷಣ "ಪಾಪ, ಹಸಿದಿದೆ" ಎಂದು ಬಾಯಿಗೆ ಹಾಲು ಹಿಂಡುವ ಕೈಯಿಂದ ಸತ್ತ ಮರಿಗಳು ಎಷ್ಟೋ.

ಮಲಗುವ ಜಾಗದ ಬಿಸಿ ಮೊದಲ ವಾರ 30ರಿಂದ 32 ಡಿಗ್ರಿ ಇರಲಿ. ಎರಡನೇ ವಾರ 27ರಿಂದ 29, ಆಮೇಲೆ 25ರ ಸುತ್ತಮುತ್ತ. ಕಲಬುರಗಿ ರಾಯಚೂರಿನ ಮೇ ತಿಂಗಳಲ್ಲಿ ಸಮಸ್ಯೆ ತಿರುಗುಮುರುಗು: ಕೋಣೆಯೇ 38 ದಾಟಿರುತ್ತದೆ, ಉದ್ದ ಕೂದಲಿನ ತಾಯಿ ಸೆಕೆಗೆ ಮರಿಗಳನ್ನು ಬಿಟ್ಟು ನೆಲದ ಮೇಲೆ ಹೋಗಿ ಮಲಗುತ್ತದೆ. ಅಲ್ಲಿ ಕೂಲರಿನ ಗಾಳಿ ಕೋಣೆಗೆ ಬರಲಿ, ಪೆಟ್ಟಿಗೆಗೆ ನೇರ ಹೊಡೆಯದಿರಲಿ. ಬೆಂಗಳೂರು, ಚಿಕ್ಕಮಗಳೂರಿನ ಡಿಸೆಂಬರ್ ರಾತ್ರಿಗೆ ಶಾಖ ಕೊಡಲೇಬೇಕು. ಹೀಟಿಂಗ್ ಪ್ಯಾಡ್ ಇದ್ದರೆ ಪೆಟ್ಟಿಗೆಯ ಅರ್ಧ ಭಾಗಕ್ಕೆ ಮಾತ್ರ ಹಾಕಿ, ಮೇಲೆ ದಪ್ಪ ಬಟ್ಟೆ ಹಾಸಿ. ಸೆಕೆಯಾದರೆ ಮರಿ ತೆವಳಿ ಆಚೆ ಹೋಗಲು ಜಾಗ ಬೇಕು. ಕರೆಂಟ್ ಹೋಗುವ ಊರಾದರೆ ಬಿಸಿನೀರಿನ ರಬ್ಬರ್ ಚೀಲವನ್ನು ಬಟ್ಟೆಯಲ್ಲಿ ಸುತ್ತಿಡಿ, ತಣ್ಣಗಾದ ಕೂಡಲೇ ತೆಗೆಯಿರಿ. ತಣ್ಣಗಾದ ಚೀಲ ಮರಿಯ ಶಾಖವನ್ನೇ ಎಳೆದುಕೊಳ್ಳುತ್ತದೆ.

ಮರಿಗಳು ಒಂದರ ಮೇಲೊಂದು ಬಿದ್ದು ಚೀರುತ್ತಿದ್ದರೆ ಚಳಿ. ದೂರ ದೂರ ಚಾಚಿಕೊಂಡು ಏದುಸಿರು ಬಿಡುತ್ತಿದ್ದರೆ ಸೆಕೆ. ಒಟ್ಟಿಗೆ ಸಡಿಲವಾಗಿ ಮಲಗಿ ನಿದ್ದೆಯಲ್ಲಿ ಆಗಾಗ ಕಾಲು ಕೊಡವುತ್ತಿದ್ದರೆ ಸರಿಯಾಗಿದೆ.

ತಣ್ಣಗಾದ ಮರಿ ಸಿಕ್ಕಿದರೆ ಅಂಗಿಯೊಳಗೆ ಎದೆಗೆ ಒತ್ತಿಟ್ಟುಕೊಳ್ಳಿ. ನಿಧಾನ, ಒಂದು ಎರಡು ಗಂಟೆಯಲ್ಲಿ ಬಿಸಿ ಏರಲಿ. ಹೇರ್ ಡ್ರೈಯರ್ ಹಿಡಿಯಬೇಡಿ. ಗ್ಲೂಕೋಸ್ ನೀರಿನ ಒಂದು ಹನಿಯನ್ನು ಒಸಡಿಗೆ ಸವರಬಹುದು. ಮೈ 35 ದಾಟಿ, ಬಾಯಿಗೆ ಬೆರಳಿಟ್ಟರೆ ಚೀಪುವ ಹಾಗಾದ ಮೇಲೆ ಹಾಲು.

ತೂಕದ ಪುಸ್ತಕ

ಪರ್ಷಿಯನ್ ಮರಿ ಹುಟ್ಟುವಾಗ ಸಾಮಾನ್ಯವಾಗಿ 80ರಿಂದ 110 ಗ್ರಾಂ. 75ಕ್ಕಿಂತ ಕಡಿಮೆ ಇದ್ದರೆ ಮೊದಲ ದಿನದಿಂದಲೇ ಅದರ ಮೇಲೆ ಕಣ್ಣು. ದಿನಾ ಒಂದೇ ಹೊತ್ತಿಗೆ, ಮೊದಲ ವಾರ ಬೆಳಿಗ್ಗೆ ಸಂಜೆ ಎರಡು ಸಲ ತೂಗಿ. ದಿನಕ್ಕೆ 10ರಿಂದ 15 ಗ್ರಾಂ ಏರಬೇಕು, ಎರಡು ವಾರಕ್ಕೆ ಹುಟ್ಟಿದ ತೂಕದ ಎರಡು ಪಟ್ಟಾಗಬೇಕು, ನಾಲ್ಕು ವಾರಕ್ಕೆ 350ರಿಂದ 450 ಗ್ರಾಂ.

ನೋಟ್‌ಬುಕ್ಕಿನ ಸಾಲು ಹೀಗಿದ್ದರೆ: ಕ್ರೀಮ್ ಗಂಡು, 94, 91, 102, 114, 127. ಮೊದಲ ದಿನ ಒಂದಿಷ್ಟು ಇಳಿದು ಆಮೇಲೆ ಏರಿದೆ, ಚಿಂತೆಯಿಲ್ಲ. ಹೀಗಿದ್ದರೆ: ನೀಲಿ (ಬೂದು ಬಣ್ಣದ) ಹೆಣ್ಣು, 88, 90, 91, 91, 89. ಈ ಮರಿ ಅಷ್ಟೂ ದಿನ ಮೊಲೆಗೆ ಅಂಟಿಕೊಂಡೇ ಇರುತ್ತದೆ, ನೋಡುವವರಿಗೆ ಚೆನ್ನಾಗಿ ಕುಡಿಯುತ್ತಿದೆ ಎನಿಸುತ್ತದೆ. ಚೀಪುತ್ತಿದೆ ನಿಜ, ಹಾಲು ಹೋಗುತ್ತಿಲ್ಲ. ಎರಡನೇ ಮರಿಗೆ ಐದನೇ ದಿನದವರೆಗೆ ಕಾಯಬಾರದು. ಮೂರನೇ ದಿನವೇ ಮೇಲುಹಾಲು ಶುರುಮಾಡಿ, ಡಾಕ್ಟರಿಗೆ ತೋರಿಸಿ. ಏರದೆ ನಿಂತದ್ದು ಎಚ್ಚರಿಕೆ, ಇಳಿದದ್ದು ತುರ್ತು.

ಎಲ್ಲ ಮರಿಗಳ ತೂಕವೂ ಒಟ್ಟಿಗೇ ನಿಂತರೆ ತಪ್ಪು ತಾಯಿಯ ಕಡೆ ಇದೆ. ಮೊಲೆಗಳನ್ನು ಮುಟ್ಟಿ ನೋಡಿ. ಒಂದು ಗಟ್ಟಿಯಾಗಿ, ಕೆಂಪಾಗಿ, ಬಿಸಿಯಾಗಿದ್ದರೆ ಕೆಚ್ಚಲುಬಾವು. ತಾಯಿಗೆ ಜ್ವರ, ನಾರುವ ಸ್ರಾವ ಇದ್ದರೆ ಗರ್ಭಕೋಶದ ಸೋಂಕು. ತಾಯಿ ಅದುರುತ್ತಾ ಕಾಲು ಸೆಟೆದುಕೊಂಡು ನಡೆಯುತ್ತಿದ್ದರೆ ಕ್ಯಾಲ್ಸಿಯಂ ಕುಸಿದಿದೆ. ಮೂರಕ್ಕೂ ಮನೆಮದ್ದಿಲ್ಲ. ಮನುಷ್ಯರ ಪ್ಯಾರಾಸಿಟಮಾಲ್ ಮಾತ್ರ ಎಂದಿಗೂ ಕೊಡಬೇಡಿ, ಬೆಕ್ಕಿಗೆ ಅದು ನೇರ ವಿಷ.

ಮೇಲುಹಾಲು

ಹಸುವಿನ ಹಾಲು ಬೇಡ. ಬೆಕ್ಕಿನ ಹಾಲಿಗೆ ಹೋಲಿಸಿದರೆ ಅದರಲ್ಲಿ ಪ್ರೋಟೀನು, ಕೊಬ್ಬು ಕಡಿಮೆ, ಭೇದಿ ಹಿಡಿಯುತ್ತದೆ. ಆಡಿನ ಹಾಲು ಒಂದು ರಾತ್ರಿಯ ಆಪತ್ತಿಗೆ ಆದೀತು, ಸಾಕಲು ಸಾಲದು. ಬೆಕ್ಕಿನ ಮರಿಗಳಿಗೆಂದೇ ಮಾಡಿದ ಪುಡಿ ಹಾಲಿನ ಡಬ್ಬಿ ಹೆರಿಗೆಗೆ ಮೊದಲೇ ಮನೆಯಲ್ಲಿರಲಿ. ಭಾನುವಾರ ರಾತ್ರಿ ಅದು ಎಲ್ಲೂ ಸಿಗುವುದಿಲ್ಲ.

ಡಬ್ಬಿಯ ಮೇಲಿನ ಅಳತೆಯಂತೆ ಕಲಸಿ, 38 ಡಿಗ್ರಿಗೆ ಬೆಚ್ಚಗೆ ಮಾಡಿ ಮಣಿಕಟ್ಟಿನ ಮೇಲೆ ಹನಿ ಹಾಕಿ ನೋಡಿ. 100 ಗ್ರಾಂ ತೂಕದ ಮರಿಗೆ ದಿನಕ್ಕೆ ಸುಮಾರು 20 ಮಿಲಿ, ಒಂದು ಸಲಕ್ಕೆ 4 ಮಿಲಿ ಮೀರದಂತೆ. ತಾಯಿಯಿಲ್ಲದ ಮರಿಗೆ ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ. ಮರಿಯ ಹೊಟ್ಟೆ ಕೆಳಗಿರಲಿ, ತಲೆ ಸ್ವಲ್ಪ ಮೇಲಿರಲಿ, ತಾಯಿಯ ಮೊಲೆ ಹಿಡಿಯುವ ಭಂಗಿಯೇ ಸರಿ. ಮನುಷ್ಯರ ಮಗುವಿನ ಹಾಗೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಚಪ್ಪಟೆ ಮುಖದ ಮರಿಗೆ ಬಾಟಲಿಯ ನಿಪ್ಪಲ್ ಹಲವು ಸಲ ಹಿಡಿಸುವುದಿಲ್ಲ; ಸೂಜಿ ತೆಗೆದ 1 ಮಿಲಿ ಸಿರಿಂಜಿಗೆ ಸಣ್ಣ ಸಿಲಿಕಾನ್ ನಿಪ್ಪಲ್ ಸಿಕ್ಕಿಸಿ, ಮರಿ ಚೀಪಿದಷ್ಟೇ ಒತ್ತಿ.

ಕುಡಿಸಿದ ಮೇಲೆ ಬೆಚ್ಚಗಿನ ಒದ್ದೆ ಹತ್ತಿಯಿಂದ ಬಾಲದ ಕೆಳಗೆ ಮೃದುವಾಗಿ ಸವರಿ ಉಚ್ಚೆ, ಕಕ್ಕ ಮಾಡಿಸಬೇಕು. ತಾಯಿ ನೆಕ್ಕಿ ಮಾಡುವ ಕೆಲಸ ಇದು. ಮೂರು ವಾರದವರೆಗೆ ಮರಿಗೆ ತಾನಾಗಿ ಬರುವುದಿಲ್ಲ.

ಕಣ್ಣು ಬಿಡುವ ಹೊತ್ತು

ಏಳರಿಂದ ಹದಿನಾಲ್ಕು ದಿನದ ನಡುವೆ ಕಣ್ಣು ಬಿಡುತ್ತವೆ. ಬಲವಂತವಾಗಿ ಬಿಡಿಸಬೇಡಿ. ಆದರೆ ಮುಚ್ಚಿದ ರೆಪ್ಪೆಯ ಹಿಂದೆ ಊತ, ಮೂಲೆಯಲ್ಲಿ ಕೀವು ಕಂಡರೆ ಅದು ಸೋಂಕು. ಅದೇ ದಿನ ಡಾಕ್ಟರು ತೆರೆದು ತೊಳೆಯದಿದ್ದರೆ ಕಣ್ಣೇ ಹೋಗಬಹುದು. ಎಲ್ಲ ಮರಿಗಳ ಕಣ್ಣೂ ಮೊದಲು ನೀಲಿ. ನೀಲಿ ಕಣ್ಣಿನ ಅಪರೂಪದ ಮರಿ ಎಂದು ಐದು ವಾರದ ಮರಿಯ ಫೋಟೋ ಹಾಕಿ ಹೆಚ್ಚು ಬೆಲೆ ಕೇಳುವವರನ್ನು ನೋಡಿ ನಕ್ಕುಬಿಡಿ. ಹಿಮಾಲಯನ್ ಬಣ್ಣದ ಮರಿಗಳು ಬೆಳ್ಳಗೆ ಹುಟ್ಟುತ್ತವೆ. ಮೈಯ ತಂಪು ಭಾಗಗಳಲ್ಲಿ ಮಾತ್ರ ಬಣ್ಣ ಮೂಡಿಸುವ ಜೀನ್ ಅವುಗಳದು, ಹೊಟ್ಟೆಯೊಳಗೆ ಎಲ್ಲ ಕಡೆ ಬಿಸಿಯೇ. ದಿನ ಕಳೆದಂತೆ ಕಿವಿ, ಮೂಗು, ಬಾಲ, ಪಾದ ಕಪ್ಪಾಗುತ್ತವೆ. "ಪ್ಯೂರ್ ವೈಟ್" ಎಂದು ಮುಂಗಡ ತೆಗೆದುಕೊಳ್ಳುವ ಮೊದಲು ಸ್ವಲ್ಪ ಕಾಯುವುದು ಮರ್ಯಾದೆಗೆ ಒಳ್ಳೆಯದು.

ಎರಡರಿಂದ ಏಳು ವಾರದ ನಡುವೆ ಮರಿ ಯಾರನ್ನು ಕಂಡು ಹೆದರಬಾರದು ಎಂದು ಕಲಿಯುತ್ತದೆ. ದಿನಾ ಕೈಗೆತ್ತಿಕೊಳ್ಳಿ, ಮಿಕ್ಸಿಯ ಸದ್ದು, ಕುಕ್ಕರಿನ ಸೀಟಿ ದೂರದಿಂದ ಕೇಳಿಸಲಿ, ಮನೆಯ ಗಂಡಸರು ಹೆಂಗಸರು ಮಕ್ಕಳು ಎಲ್ಲರೂ ಮುಟ್ಟಲಿ. ಐದು ವಾರಕ್ಕೆ ಮೆತ್ತನೆ ಬಾಚಣಿಗೆ, ಒದ್ದೆ ಹತ್ತಿಯಿಂದ ಕಣ್ಣಿನ ಮೂಲೆ ಒರೆಸುವುದು ಶುರುವಾಗಲಿ. ಈಗ ಕಲಿಯದ ಪರ್ಷಿಯನ್ ಜೀವಮಾನವಿಡೀ ಬಾಚಣಿಗೆ ಕಂಡರೆ ಮಂಚದಡಿ ಸೇರುತ್ತದೆ.

ಊಟ, ಟ್ರೇ, ಹುಳು, ಲಸಿಕೆ

ನಾಲ್ಕು ವಾರಕ್ಕೆ ಮೇಲೂಟ. ಚಪ್ಪಟೆ ತಟ್ಟೆಯಲ್ಲಿ ಕೊಡಿ, ಆಳ ಬಟ್ಟಲಿನಲ್ಲಿ ಈ ಮುಖಕ್ಕೆ ತಿನ್ನಲಾಗದು. ಮರಿಗಳ ಮೂಸ್ (ನುಣ್ಣನೆಯ ಮೆತ್ತನೆ ಆಹಾರ) ಅಥವಾ ಬಿಸಿನೀರಿನಲ್ಲಿ ನೆನೆಸಿ ಹಿಸುಕಿದ ಮರಿಗಳ ಒಣ ಆಹಾರ. ಮೊಸರನ್ನ ತಿನ್ನಿಸಿ ಸಾಕುವ ನಮ್ಮ ಅಭ್ಯಾಸ ಇಲ್ಲಿ ನಡೆಯದು. ಬೆಕ್ಕಿಗೆ ಮಾಂಸದಿಂದ ಬರುವ ಟಾರಿನ್ ಬೇಕೇ ಬೇಕು. ಏಳೆಂಟು ವಾರಕ್ಕೆ ಪೂರ್ತಿ ಗಟ್ಟಿ ಆಹಾರ.

ಮೂರನೇ ವಾರದ ಕೊನೆಗೆ ತಗ್ಗಿನ ಟ್ರೇ ಇಡಿ. ನೀರು ತಾಗಿದರೆ ಗಟ್ಟಿಯಾಗುವ ಬೆಂಟೊನೈಟ್ ಮರಳು ಬೇಡ, ಈ ವಯಸ್ಸಿನವು ತಿಂದು ನೋಡುತ್ತವೆ. ಮರದ ಪೆಲೆಟ್ ಅಥವಾ ಹರಿದ ಕಾಗದ ಸಾಕು.

ಜಂತುಹುಳು ತಾಯಿಯ ಹಾಲಿನಿಂದಲೇ ಬರುತ್ತದೆ. ಮೂರು ವಾರಕ್ಕೆ ಮೊದಲ ಔಷಧಿ, ಆಮೇಲೆ ಎರಡು ವಾರಕ್ಕೊಮ್ಮೆ, ಆ ದಿನದ ತೂಕ ನೋಡಿ ಡಾಕ್ಟರು ಹೇಳಿದಷ್ಟು. ತಾಯಿಗೂ ಜೊತೆಗೇ. ಚಿಗಟಕ್ಕೆ ಸಣ್ಣ ಹಲ್ಲಿನ ಬಾಚಣಿಗೆ; ನಾಯಿಗೆ ಹಾಕುವ ಪರ್ಮೆಥ್ರಿನ್ ಹನಿ ಬೆಕ್ಕನ್ನು ಕೊಲ್ಲುತ್ತದೆ.

ಟ್ರೈಕ್ಯಾಟ್ (ಬೆಕ್ಕಿನ ಮೂರು ವೈರಸ್ ರೋಗಗಳಿಗೆ ಒಟ್ಟಿಗೆ ಹಾಕುವ) ಲಸಿಕೆಯನ್ನು ಎಂಟು ವಾರಕ್ಕೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ. ತಾಯಿಯಿಂದ ಬಂದ ಪ್ರತಿಕಾಯ ಇಳಿಯುವವರೆಗೆ ಲಸಿಕೆ ಹಿಡಿಯುವುದಿಲ್ಲ, ಅದು ಯಾವ ಮರಿಯಲ್ಲಿ ಯಾವಾಗ ಇಳಿಯುತ್ತದೆ ಎಂದು ಹೇಳಲಾಗದು; ಹಾಗಾಗಿಯೇ ಮತ್ತೆ ಮತ್ತೆ. ರೇಬಿಸ್ ಹನ್ನೆರಡು ವಾರಕ್ಕೆ. ಲಸಿಕೆ ಹಿಡಿಯುವವರೆಗೆ ದೊಡ್ಡ ಭಯ ಪ್ಯಾನ್‌ಲ್ಯೂಕೋಪೀನಿಯಾದ್ದು, ವಾಂತಿ ಭೇದಿಯಿಂದ ಮರಿಗಳನ್ನು ಕೊಲ್ಲುವ ವೈರಸ್ ರೋಗ. ಈ ವೈರಸ್ ನೆಲದ ಮೇಲೆ, ಚಪ್ಪಲಿಯಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಬೇರೆ ಬೆಕ್ಕು ಮುಟ್ಟಿ ಬಂದ ಗಿರಾಕಿಗಳು ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕೈ ತೊಳೆದು ಒಳಗೆ ಬರಲಿ.

ಪರ್ಷಿಯನ್ ಮನೆಗಳಲ್ಲಿ ಇನ್ನೊಂದು ಕಾಟ ಹುಳುಕಡ್ಡಿ. ಕಿವಿಯಂಚು, ಮೂಗಿನ ಮೇಲೆ ದುಂಡಗೆ ಕೂದಲು ಉದುರಿದ್ದು ಕಂಡರೆ ಆ ಮರಿಯನ್ನು ಬೇರೆ ಇಡಿ. ಅದು ಮನೆಮಂದಿಯ ಕೈಗೂ ಹತ್ತುತ್ತದೆ. ಗುಣವಾಗಲು ವಾರಗಳು ಬೇಕು, ಹಾಸಿಗೆ ಬಟ್ಟೆ ಎಲ್ಲ ಒಗೆಯಬೇಕು. ಮುಲಾಮು ಹಚ್ಚಿ ಮುಚ್ಚಿ ಮಾರುವುದು ಈ ವ್ಯಾಪಾರದಲ್ಲಿ ಬಹಳ ನಡೆಯುತ್ತದೆ.

ಮನೆ ಸೇರಿಸುವುದು

ಎಂಟು ವಾರದ ಮರಿ ಮುದ್ದಾಗಿರುತ್ತದೆ, ಬೇಗ ಮಾರಾಟವಾಗುತ್ತದೆ. ಹೊರದೇಶದ ಬೆಕ್ಕು ಸಂಘಗಳು ಹನ್ನೆರಡು ಹದಿಮೂರು ವಾರ ತಾಯಿಯೊಡನೆ ಇರಲಿ ಎನ್ನುವುದಕ್ಕೆ ಕಾರಣವಿದೆ: ಕಚ್ಚುವ ಜೋರು ಎಷ್ಟಿರಬೇಕು, ಟ್ರೇ ಹೇಗೆ ಬಳಸಬೇಕು ಎಂದು ಕಲಿಸುವುದು ತಾಯಿ ಮತ್ತು ಒಡಹುಟ್ಟಿದವರು, ಮತ್ತು ಆ ಹೊತ್ತಿಗೆ ಎರಡು ಲಸಿಕೆ ಆಗಿರುತ್ತದೆ. ನಾನೂ ಹನ್ನೆರಡು ವಾರಕ್ಕೆ ಮೊದಲು ಕೊಡುವುದಿಲ್ಲ.

ಗಿರಾಕಿ "ಪಂಚ್ ಫೇಸ್ ಇದೆಯಾ, ಡಾಲ್ ಫೇಸ್ ಬೇಡ" ಎಂದು ಫೋನಿನಲ್ಲಿ ಕೇಳುತ್ತಾರೆ. ಪಂಚ್ ಫೇಸ್ ಎಂದರೆ ಮೂಗು ಒಳಗೆ ಹೋದ ಚಪ್ಪಟೆ ಮುಖ, ಡಾಲ್ ಫೇಸ್ ಎಂದರೆ ಮೂಗು ಮುಂದಿರುವ ಸಹಜ ಮುಖ. ಮೂಗು ಒಳಗೆ ಹೋದಷ್ಟೂ ಉಸಿರಾಟ, ಕಣ್ಣೀರು, ಹೆರಿಗೆ ಎಲ್ಲವೂ ಕಷ್ಟ ಎಂದು ಬಿಡಿಸಿ ಹೇಳಿ. ಮೂಗಿನ ಹೊಳ್ಳೆ ತೆರೆದಿರುವ ಮರಿಗಳನ್ನೇ ಮುಂದಿನ ಪೀಳಿಗೆಗೆ ಉಳಿಸಿಕೊಳ್ಳಿ, ಬೆಲೆ ಕಡಿಮೆ ಬಂದರೂ ಸರಿ. ಅಂಗಡಿಗೆ ಸಗಟು ಕೊಡುವ ಯೋಚನೆಯಿದ್ದರೆ, 2018ರ ಪೆಟ್ ಶಾಪ್ ನಿಯಮಗಳ ಪ್ರಕಾರ ಅಂಗಡಿಗೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಬೇಕೆಂದು ತಿಳಿದಿರಿ. ನನ್ನ ಸಲಹೆ, ಕೊಡಲೇಬೇಡಿ. ಮರಿ ಯಾರ ಮನೆ ಸೇರಿತು ಎಂದು ನಿಮಗೆ ಗೊತ್ತಿರಬೇಕು.

ಕಳಿಸುವಾಗ ಲಸಿಕೆ ಪುಸ್ತಕ, ತಂದೆ ತಾಯಿಯ ಪಿಕೆಡಿ ವರದಿಯ ಪ್ರತಿ, ಒಂದು ವಾರಕ್ಕಾಗುವಷ್ಟು ಅಭ್ಯಾಸದ ಆಹಾರ, ತಾಯಿಯ ವಾಸನೆಯಿರುವ ಒಂದು ಬಟ್ಟೆ ಜೊತೆಗಿರಲಿ. ಸಂತಾನಹರಣ ಶಸ್ತ್ರಚಿಕಿತ್ಸೆ ಯಾವಾಗ ಮಾಡಿಸಬೇಕೆಂದು ಬರೆದು ಸಹಿ ಹಾಕಿಸಿಕೊಳ್ಳಿ. ಸಾಕಲಾಗದಿದ್ದರೆ ಮರಿ ನಿಮ್ಮ ಬಳಿಗೇ ಬರಬೇಕು ಎನ್ನುವ ಸಾಲೂ ಅದರಲ್ಲಿರಲಿ.

ಇಷ್ಟರಲ್ಲಿ ತಾಯಿಯನ್ನು ಮರೆಯಬೇಡಿ. ಬೆಕ್ಕು ಬೆಳಕು ನೋಡಿ ಹೀಟಿಗೆ ಬರುವ ಪ್ರಾಣಿ, ನಮ್ಮ ಮನೆಗಳಲ್ಲಿ ರಾತ್ರಿ ಹನ್ನೊಂದರವರೆಗೂ ದೀಪ ಉರಿಯುತ್ತದೆ. ಮರಿಗಳು ಹಾಲು ಬಿಡುವ ಮೊದಲೇ ಅದು ಮತ್ತೆ ಕೂಗಲು ಶುರುಮಾಡಬಹುದು. ಗಂಡನ್ನು ಬೇರೆ ಕೋಣೆಯಲ್ಲಿ, ಚಿಲಕ ಹಾಕಿಯೇ ಇಡಿ. ವರ್ಷಕ್ಕೆ ಒಂದೇ ಹೆರಿಗೆ ಸಾಕು. ಮರಿಗಳನ್ನು ಒಂದೇ ದಿನ ಎಲ್ಲ ಕಳಿಸದೆ ಒಂದೊಂದಾಗಿ ಕಳಿಸಿ, ತಾಯಿಯ ಊಟವನ್ನು ಹಳೆಯ ಅಳತೆಗೆ ಇಳಿಸಿ, ಹಾಲು ಬತ್ತುವವರೆಗೆ ಮೊಲೆಗಳನ್ನು ದಿನಾ ಮುಟ್ಟಿ ನೋಡಿ. ಸಿಸೇರಿಯನ್ ಆಗಿದ್ದರೆ, ಅಥವಾ ಮರಿಗಳನ್ನು ಎರಡು ಸಲ ಉಳಿಸಿಕೊಳ್ಳಲಾಗದೆ ಹೋಗಿದ್ದರೆ, ಹಾಲು ಬತ್ತಿದ ಮೇಲೆ ಅದೇ ಡಾಕ್ಟರ ಬಳಿ ತಾಯಿಗೂ ಆಪರೇಷನ್ನಿಗೆ ದಿನ ಗೊತ್ತುಮಾಡಿ.